‘ಶಂಕಿತ’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಪತ್ರಿಕೆಯ ಮುಂಬಯಿ ಪುಟದಲ್ಲಿ ಕಳೆದ ವಾರ ಬಂದ ಒಂದು ಕಳವಿನ ವರದಿಯ ಎರಡು ವಾಕ್ಯಗಳನ್ನು ಹಾಗೆಯೇ ಇಲ್ಲಿ ಇಳಿಸುತ್ತೇನೆ: “ನಸುಕಿನಲ್ಲಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದ ಶಂಕಿತ ಅಂಗಡಿಯ ಶಟರ್ ಎತ್ತಿ ಒಳನುಗ್ಗಿ ಗಲ್ಲೆಯಲ್ಲಿದ್ದ ಹಣ ದೋಚಿದ್ದಾನೆ. ಶಂಕಿತನನ್ನು ಪೊಲೀಸರು ಠಾಣೆಗೆ ಕರೆಸಿ ವಿಚಾರಣೆ ನಡೆಸುತ್ತಿದ್ದಾರೆ.”

ಮೊದಲ ವಾಕ್ಯದ ಮನುಷ್ಯ ಬೇರೆ, ಎರಡನೆಯ ವಾಕ್ಯದ ಮನುಷ್ಯ ಬೇರೆ ಇರಬಹುದಲ್ಲವೇ? ಶಟರ್ ಎತ್ತಿದವನ ವಿಷಯದಲ್ಲಿ ಶಂಕೆಯೇ ಇಲ್ಲ. ಅವನು ಎತ್ತಿದ್ದನ್ನು ಕ್ಯಾಮೆರಾ ಕಂಡಿದೆ, ಹಣ ಹೋಗಿದೆ. ಅವನು ಕಳ್ಳ. ಯಾರು ಅನ್ನುವುದಷ್ಟೇ ಗೊತ್ತಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಹೆಸರಿದೆ, ಮನೆಯಿದೆ, ಊರಿದೆ. ಇವನೇ ಅವನೋ ಎಂಬುದನ್ನು ಪತ್ತೆ ಮಾಡುವುದಕ್ಕೇ ವಿಚಾರಣೆ ನಡೆಯುತ್ತಿರುವುದು. ಇಬ್ಬರಿಗೂ ಒಂದೇ ಪದ ಹಾಕಿದ ಕೂಡಲೇ ಓದುಗನ ಮನಸ್ಸಿನಲ್ಲಿ ಇಬ್ಬರೂ ಒಬ್ಬರಾಗಿಬಿಡುತ್ತಾರೆ. ಪೊಲೀಸರು ಇನ್ನೂ ತೀರ್ಮಾನಿಸದ್ದನ್ನು ನಿಮ್ಮ ವರದಿ ತೀರ್ಮಾನಿಸಿ ಮುಗಿಸಿದೆ.

ನಾನು ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಬಹಳ ವರ್ಷಗಳಿಂದ ವಕೀಲಿ ಮಾಡುತ್ತಿರುವವಳು. ಕಿಲ್ಲಾ ಕೋರ್ಟು, ಕುರ್ಲಾ, ಅಂಧೇರಿ, ಹೀಗೆ ಓಡಾಟ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯಿಂದ ಬಂದ ಹೋಟೆಲಿನ ಹುಡುಗರು, ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕಟ್ಟಡ ಕೆಲಸದವರು. ಇವರ ಮನೆಗಳಿಗೆಲ್ಲ ಬರುವುದು ನಿಮ್ಮ ಪತ್ರಿಕೆ. ಆದ್ದರಿಂದಲೇ ಈ ಒಂದು ಪದದ ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವರದಿಗಾರರ ‘ಶಂಕಿತ’ ಇಂಗ್ಲಿಷಿನ ‘ಸಸ್ಪೆಕ್ಟ್’ನ ನೆರಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೂರು ಬಳಕೆಗಳಿವೆ. ಕ್ರಿಯಾಪದವಾದಾಗ, ಪುರಾವೆ ಕೈಗೆ ಸಿಗದಿದ್ದರೂ ಹೀಗಿರಬಹುದು ಎಂದುಕೊಳ್ಳುವುದು. ವಿಶೇಷಣವಾದಾಗ, ನಂಬಲು ಯೋಗ್ಯವಲ್ಲದ್ದು: ಸಸ್ಪೆಕ್ಟ್ ಮಾಲು, ಸಸ್ಪೆಕ್ಟ್ ಲೆಕ್ಕ. ನಾಮಪದವಾದಾಗ, ಪೊಲೀಸರ ಶಂಕೆಗೆ ಒಳಗಾದ ವ್ಯಕ್ತಿ. ಅಪಾಯ ಇರುವುದು ಇಲ್ಲೇ. ನಾಮಪದ ಓದುವಾಗ ವಿಶೇಷಣದ ವಾಸನೆ ಅದಕ್ಕೆ ಅಂಟಿಕೊಳ್ಳುತ್ತದೆ. ‘ಸಸ್ಪೆಕ್ಟ್’ ಎಂದ ಮಾತ್ರಕ್ಕೆ ನಂಬತಕ್ಕವನಲ್ಲ ಎಂದು ಕೇಳಿಸುತ್ತದೆ. ಇಂಗ್ಲಿಷ್ ಪತ್ರಿಕೆಯವರಿಗೂ ಇದು ಗೊತ್ತಿದೆ. ಗುರುತು ಸಿಗದ, ಆದರೆ ಅಪರಾಧವನ್ನು ಖಂಡಿತವಾಗಿ ಮಾಡಿರುವ ವ್ಯಕ್ತಿಗೆ ‘ಸಸ್ಪೆಕ್ಟ್’ ಎಂದು ಬರೆಯಬೇಡಿ, ಕಳ್ಳನನ್ನು ಕಳ್ಳ ಎಂದೇ ಬರೆಯಿರಿ ಎಂದು ಅಸೋಸಿಯೇಟೆಡ್ ಪ್ರೆಸ್‌ನ ಭಾಷಾ ಕೈಪಿಡಿ ತನ್ನ ವರದಿಗಾರರಿಗೆ ಹೇಳುತ್ತದೆ. ಇಂಗ್ಲಿಷಿನವರೇ ಬೇಡ ಎಂದ ಬಳಕೆಯನ್ನು ನಾವು ಕನ್ನಡಕ್ಕೆ ತಂದು ಯಾಕೆ ಸಾಕಬೇಕು?

‘ಶಂಕಿತ’ದಲ್ಲಿ ಇನ್ನೊಂದು ತೊಂದರೆಯಿದೆ. ಶಂಕಿಸಿದವರು ಯಾರು ಎಂಬುದನ್ನೇ ಅದು ನುಂಗಿಹಾಕುತ್ತದೆ. ‘ಇವನ ಮೇಲೆ ತಮಗೆ ಸಂಶಯವಿದೆ ಎಂದು ಪೊಲೀಸರು ಹೇಳಿದ್ದಾರೆ’ ಎಂದು ಬರೆಯಿರಿ. ಆಗ ಸಂಶಯ ಪೊಲೀಸರದ್ದಾಗಿ ಉಳಿಯುತ್ತದೆ. ಯಾಕೆ ಸಂಶಯ, ಏನು ಆಧಾರ ಎಂದು ಓದುಗ ಕೇಳಲಿಕ್ಕೆ ಜಾಗವಿರುತ್ತದೆ. ‘ಶಂಕಿತ’ ಎಂದಾಗ ಆ ಸಂಶಯ ಪೊಲೀಸರ ತಲೆಯಿಂದ ಇಳಿದು ಹುಡುಗನ ಮೈಮೇಲೆ ಕೂರುತ್ತದೆ, ಅವನ ಎತ್ತರ ಬಣ್ಣದ ಹಾಗೆ ಅವನದೇ ಲಕ್ಷಣವಾಗಿಬಿಡುತ್ತದೆ.

ನಮ್ಮ ಮಾತಿನಲ್ಲಿ ಡೌಟು, ಅನುಮಾನ, ಸಂಶಯ, ಗುಮಾನಿ ಎಲ್ಲವೂ ಒಂದೇ ಚೀಲದಲ್ಲಿವೆ. ಮಾತಿಗೆ ಅದು ಸಾಕು. ಕಾಗದಕ್ಕೆ ಸಾಲದು. ಒಬ್ಬ ಹೋಟೆಲ್ ಧನಿ ಇಂಗ್ಲಿಷಿನಲ್ಲಿ ಬರೆಸಿಕೊಟ್ಟ ದೂರರ್ಜಿ ನನ್ನ ಕೈಗೆ ಬಂದಿತ್ತು. ಅದರಲ್ಲಿ ‘ಐ ಡೌಟ್ ದಟ್ ಹಿ ಹ್ಯಾಸ್ ಟೇಕನ್ ದ ಕ್ಯಾಶ್’ ಎಂದಿತ್ತು. ‘ಅವನ ಮೇಲೆ ಡೌಟಿದೆ’ ಎನ್ನುವ ನಮ್ಮ ಮಾತನ್ನು ಇಂಗ್ಲಿಷಿಗೆ ಇಳಿಸಿದ್ದಾರೆ. ಆದರೆ ಇಂಗ್ಲಿಷಿನಲ್ಲಿ ಆ ವಾಕ್ಯದ ಅರ್ಥ, ‘ಅವನು ಹಣ ತೆಗೆದಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ’ ಎಂದು. ಡೌಟ್ ನಂಬಿಕೆಯಿಂದ ಆಚೆಗೆ ಸರಿಯುತ್ತದೆ, ಸಸ್ಪೆಕ್ಟ್ ನಂಬಿಕೆಯ ಕಡೆಗೆ ವಾಲುತ್ತದೆ. ಒಬ್ಬ ಮನುಷ್ಯನ ಬದುಕು ತೂಗುವಾಗ ಈ ವ್ಯತ್ಯಾಸ ಬಲು ದೊಡ್ಡದು.

ನಮ್ಮ ಹಿಂದಿನವರು ಇದನ್ನು ಬಹಳ ನಿಖರವಾಗಿ ಹಿಡಿದಿದ್ದರು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಅನುಮಾನ ಎಂದರೆ ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು. ಅದು ಪ್ರಮಾಣ, ಅಂದರೆ ಸರಿಯಾಗಿ ತಿಳಿಯುವ ದಾರಿ, ಅದಕ್ಕೆ ಕಟ್ಟುಪಾಡುಗಳಿವೆ. ಸಂಶಯವೆಂದರೆ ಬೇರೆ. ಮಬ್ಬುಗತ್ತಲಲ್ಲಿ ದೂರದಲ್ಲಿ ನಿಂತದ್ದು ಮೋಟುಮರವೋ ಮನುಷ್ಯನೋ ಎಂದು ಎರಡೂ ಕಡೆಗೆ ತೂಗುವ ಮನಸ್ಸು. ಸಂಶಯದ ಜೀವ ಇರುವುದು ಆ ‘ಓ’ಕಾರದಲ್ಲಿ: ಇವನೋ, ಇವನಲ್ಲವೋ. ಹೆಸರು, ಊರು, ವಯಸ್ಸು ಹಾಕಿ ‘ಶಂಕಿತ’ ಎಂದು ಅಚ್ಚು ಹಾಕಿದಾಗ ಎರಡನೆಯ ‘ಓ’ ಸತ್ತುಹೋಗುತ್ತದೆ.

ಪೊಲೀಸರು ಸಂಶಯ ಪಡಬಾರದು ಎಂದು ನಾನು ಹೇಳುತ್ತಿಲ್ಲ. ಸಂಶಯ ಪಡದ ಪೊಲೀಸರಿಂದ ಯಾವ ಕಳ್ಳನೂ ಸಿಗುವುದಿಲ್ಲ. ಕಾನೂನು ಕೂಡ ಸಂಶಯಕ್ಕೆ ಅದರದೇ ಮೆಟ್ಟಿಲು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 41, ಸಮಂಜಸವಾದ ಸಂಶಯವಿದ್ದರೆ ಪೊಲೀಸರು ಮುಂದುವರಿಯಬಹುದು ಎನ್ನುತ್ತದೆ. ಬಂಧನ ಅನಗತ್ಯವಾದರೆ ಅದೇ ಕಲಮಿನ ಮೂರನೇ ಉಪಕಲಮಿನಡಿ ಹಾಜರಾಗಲು ನೋಟಿಸ್ ಕೊಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕಂಡವರನ್ನು ಯಾಂತ್ರಿಕವಾಗಿ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ನೋಟಿಸ್ ಬಂದವನು ಬಂಧಿತನಲ್ಲ. ನಿಮ್ಮ ಪುಟದಲ್ಲಿ ಮಾತ್ರ ಎಲ್ಲರೂ ‘ವಶಕ್ಕೆ’.

ಮುಂದಿನ ಮೆಟ್ಟಿಲು ದೋಷಾರೋಪ. ಅದಕ್ಕೆ ಬರೀ ಸಂಶಯ ಸಾಲದು, ಗಂಭೀರ ಸಂಶಯ ಬೇಕು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಪ್ರಫುಲ್ಲ ಕುಮಾರ್ ಸಾಮಲ್ ಪ್ರಕರಣದಲ್ಲಿ ಹೇಳಿತು. ಕೊನೆಯ ಮೆಟ್ಟಿಲಿನಲ್ಲಿ, ಶಿಕ್ಷೆ ಕೊಡುವಲ್ಲಿ, ಎಷ್ಟು ಗಂಭೀರ ಸಂಶಯಕ್ಕೂ ಬೆಲೆಯಿಲ್ಲ. ಇದಕ್ಕೆ ನಮ್ಮ ಪಕ್ಕದ ಪುಣೆಯ ಪ್ರಕರಣವೇ ದೇಶಕ್ಕೆಲ್ಲ ಮಾದರಿ. 1982ರಲ್ಲಿ ಪುಣೆಯಲ್ಲಿ ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಒಬ್ಬ ಯುವತಿ ಸಯನೈಡ್ ವಿಷದಿಂದ ತೀರಿಕೊಂಡಳು. ಗಂಡ ಶರದ್ ಸಾರಡಾಗೆ ಸೆಷನ್ಸ್ ಕೋರ್ಟ್ ಗಲ್ಲುಶಿಕ್ಷೆ ಕೊಟ್ಟಿತು, ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಅವಳು ತಾನೇ ವಿಷ ತೆಗೆದುಕೊಂಡಿರಬಹುದು ಎಂಬ ಸಾಧ್ಯತೆಯನ್ನು ಪ್ರಾಸಿಕ್ಯೂಷನ್ ಅಳಿಸಿಹಾಕಲು ಆಗಿರಲಿಲ್ಲ. ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ತತ್ತ್ವಗಳನ್ನು ಕೋರ್ಟ್ ಅಲ್ಲಿ ಹಾಕಿಕೊಟ್ಟು ಅವನ್ನು ‘ಪಂಚಶೀಲ’ ಎಂದು ಕರೆಯಿತು. ಸಂಶಯ ಎಷ್ಟೇ ಬಲವಾಗಿರಲಿ, ಪುರಾವೆಯ ಜಾಗದಲ್ಲಿ ಅದನ್ನು ಕೂರಿಸಲಾಗದು ಎಂದು ಮತ್ತೊಮ್ಮೆ ಸಾರಿತು. ಕಿರಿಯ ವಕೀಲರಿಗೆ ನಾನು ಮೊದಲು ಓದಿಸುವುದೇ ಈ ತೀರ್ಪನ್ನು. ‘ಆಗಿರಬಹುದು’ ಮತ್ತು ‘ಆಗಿರಲೇಬೇಕು’ ಇವೆರಡರ ನಡುವಿನ ದೂರ ಬಹಳ ಎಂದು ಮಹಾರಾಷ್ಟ್ರದ್ದೇ ಇನ್ನೊಂದು ಪ್ರಕರಣದಲ್ಲಿ, 1973ರಲ್ಲಿ, ಅದೇ ಕೋರ್ಟ್ ಹೇಳಿತ್ತು. ಆ ದೂರ ಕ್ರಮಿಸಲು ಕೋರ್ಟುಗಳಿಗೆ ವರ್ಷಗಳು ಹಿಡಿಯುತ್ತವೆ. ಪತ್ರಿಕೆ ಅದನ್ನು ಒಂದು ಶೀರ್ಷಿಕೆಯಲ್ಲಿ ದಾಟುತ್ತದೆ.

ಇನ್ನು ನಾನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ಪಶ್ಚಿಮ ಉಪನಗರದ ಒಂದು ಹೋಟೆಲಿನಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಗಲ್ಲೆಯಲ್ಲಿ ಕೂರುತ್ತಿದ್ದ. ಮೋರಿ ಕೆಲಸದಿಂದ, ಅಂದರೆ ಪಾತ್ರೆ ತೊಳೆಯುವುದರಿಂದ, ಶುರು ಮಾಡಿ, ಸಪ್ಲಾಯರ್ ಆಗಿ, ಕ್ಯಾಶಿಯರ್ ಆದವನು. ಒಂದು ಭಾನುವಾರದ ರಾತ್ರಿ ವ್ಯಾಪಾರದ ಹಣ ಎಣಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿ ಹೋದ. ಬೆಳಿಗ್ಗೆ ಹಣ ಇಲ್ಲ. ಬೀಗ ಒಡೆದಿರಲಿಲ್ಲ. ಧನಿಗಳು ಠಾಣೆಗೆ ಹೋದರು. ದೂರು ಬರೆದುಕೊಳ್ಳುವಾಗ ಇಲ್ಲಿಯ ಎಲ್ಲ ಠಾಣೆಗಳಲ್ಲಿ ಕೇಳುವ ಪ್ರಶ್ನೆಯನ್ನು ಅಲ್ಲಿಯೂ ಕೇಳಿದರು: “ಕೋಣಾವರ್ ಸಂಶಯ್ ಆಹೇ ಕಾ?” ಯಾರ ಮೇಲಾದರೂ ಸಂಶಯ ಇದೆಯೇ? ಧನಿಗಳು ಹೆಸರು ಹೇಳಲು ಹಿಂದೆಮುಂದೆ ನೋಡಿದರು. ಕೊನೆಗೆ, ಕೀಲಿ ಒಂದು ನನ್ನ ಹತ್ತಿರ, ಒಂದು ಕ್ಯಾಶಿಯರ್ ಹತ್ತಿರ ಎಂದರು. ಅಷ್ಟೇ ಹೇಳಿದ್ದು. ಅಷ್ಟೇ ಸತ್ಯವೂ ಆಗಿತ್ತು.

ಪೊಲೀಸರು ಹುಡುಗನಿಗೆ ನೋಟಿಸ್ ಕೊಟ್ಟು ಕರೆಸಿದರು. ಸಂಜೆಯವರೆಗೆ ಕೂರಿಸಿ ಕೇಳಿದರು, ಕಳಿಸಿದರು. ಪೊಲೀಸರು ತಮ್ಮ ಕೆಲಸ ಮಾಡಿದರು, ಅದರಲ್ಲಿ ನನ್ನ ದೂರಿಲ್ಲ. ಮಾರನೆಯ ದಿನ ನಿಮ್ಮ ಪತ್ರಿಕೆಯಲ್ಲಿ ‘ಹೋಟೆಲ್ ಕಳವು: ಶಂಕಿತ ಕ್ಯಾಶಿಯರ್ ವಶಕ್ಕೆ’ ಎಂದು ಅವನ ಹೆಸರು, ವಯಸ್ಸು, ಊರಿನೊಂದಿಗೆ ಬಂತು. ಆ ಸುದ್ದಿಯ ಫೋಟೊ ಮಧ್ಯಾಹ್ನದೊಳಗೆ ಊರಿನ ವಾಟ್ಸ್‌ಆ್ಯಪ್ ಗುಂಪು ತಲುಪಿತ್ತು.

ಮುಂಬಯಿಯ ನಮ್ಮ ಹೋಟೆಲ್ ಉದ್ಯಮ ಯಾವುದರ ಮೇಲೆ ನಿಂತಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹುಡುಗ ಊರಿನಿಂದ ಬಸ್ಸಿನಲ್ಲೋ ರೈಲಿನಲ್ಲೋ ಬಂದಿಳಿದಾಗ ಅವನ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತಿರಲಿಲ್ಲ. ‘ಇವ ನಮ್ಮ ನೆರೆಮನೆಯವನ ಮಗ, ಒಳ್ಳೆಯವ’ ಎಂಬ ಒಂದು ಮಾತು ಇರುತ್ತಿತ್ತು. ಆ ಮಾತಿನ ಮೇಲೆ ಅನ್ನ, ಮಲಗಲು ಜಾಗ, ಆಮೇಲೆ ಗಲ್ಲೆಯ ಕೀಲಿ. ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆಗಳೆಲ್ಲ ಆ ನಂಬಿಕೆಯಿಂದಲೇ ಶುರುವಾದವು. ಅಲ್ಲಿ ಹೆಸರೇ ಬಂಡವಾಳ. ಬಡವನಿಗೆ ಬೇರೆ ಬಂಡವಾಳ ಇರುವುದಿಲ್ಲ.

ಹುಡುಗ ನಾಲ್ಕು ಜನರ ಜೊತೆ ಇದ್ದ ಖೋಲಿಯನ್ನು ಬಿಡಬೇಕಾಯಿತು. ಮನೆಯ ಯಜಮಾನಿಗೆ ಪೊಲೀಸರ ಭಯ. ಕೆಲಸ ಕೇಳಿಕೊಂಡು ಥಾಣೆ ಊರಿನ ಕಡೆಯ ಇನ್ನೊಂದು ಹೋಟೆಲಿಗೆ ಹೋದಾಗ, ಇವನು ಬಾಯಿ ತೆರೆಯುವ ಮೊದಲೇ ಅಲ್ಲಿಯ ಧನಿಗಳು ತಮ್ಮ ಫೋನ್ ತೆಗೆದು ಆ ಸುದ್ದಿಯನ್ನು ತೋರಿಸಿದರಂತೆ. ಕೆಟ್ಟ ಮನುಷ್ಯರಲ್ಲ ಅವರು. “ತಮ್ಮಾ, ನನಗೆ ನಿನ್ನ ಮೇಲೆ ಏನೂ ಇಲ್ಲ. ಆದರೆ ಪೇಪರಲ್ಲಿ ಬಂದವನನ್ನು ಗಲ್ಲೆಯಲ್ಲಿ ಕೂರಿಸಿದರೆ ನನ್ನ ಪಾಲುದಾರರು ಏನನ್ನುತ್ತಾರೆ?” ಎಂದು ಕೇಳಿ, ಸಪ್ಲಾಯರ್ ಕೆಲಸ ಕೊಟ್ಟರು. ಹುಡುಗ ಒಪ್ಪಿಕೊಂಡ. ಮತ್ತೆ ಟ್ರೇ ಹಿಡಿದ.

ಹಣ ಏನಾಗಿತ್ತು? ಹೋಟೆಲಿನ ಲೆಕ್ಕ ತಪಾಸಣೆಯ ಹೊತ್ತಿಗೆ ಗೊತ್ತಾಯಿತು. ಧನಿಗಳ ಭಾವ, ಅವರೂ ಪಾಲುದಾರರೇ, ಅದೇ ರಾತ್ರಿ ಧನಿಗಳ ಮನೆಯಿಂದ ಕೀಲಿ ತರಿಸಿಕೊಂಡು ಹಣ ತೆಗೆದು ದಿನಸಿಯ ವ್ಯಾಪಾರಿಗೆ ಹಳೇ ಬಾಕಿ ಕಟ್ಟಿ, ಚೀಟಿ ಬರೆದಿಡದೆ ಊರಿಗೆ ಹೋಗಿದ್ದರು. ವ್ಯಾಪಾರಿಯ ರಶೀದಿ ಪುಸ್ತಕದಲ್ಲಿ ದಿನಾಂಕ ಸಮೇತ ಇತ್ತು. ಕಳವೇ ಆಗಿರಲಿಲ್ಲ. ಧನಿಗಳೇ ಓಡಿಬಂದು ಹೇಳಿಕೆ ಕೊಟ್ಟರು. ಮಹಾರಾಷ್ಟ್ರದಲ್ಲಿ ತನಿಖೆ ಮುಚ್ಚುವಾಗ ಪೊಲೀಸರು ‘ಸಮರಿ’ ವರದಿ ಕೊಡುತ್ತಾರೆ. ಅಪರಾಧ ಆದದ್ದು ನಿಜ, ಆದರೆ ಪತ್ತೆಯಾಗಿಲ್ಲ ಎಂದರೆ ‘ಎ’. ದೂರೇ ದುರುದ್ದೇಶದ ಸುಳ್ಳು ಎಂದರೆ ‘ಬಿ’. ತಪ್ಪು ತಿಳಿವಳಿಕೆಯಿಂದ ಆದ ದೂರು ಎಂದರೆ ‘ಸಿ’. ಇದು ‘ಸಿ ಸಮರಿ’ಯಾಗಿ ಮ್ಯಾಜಿಸ್ಟ್ರೇಟರು ಒಪ್ಪಿಕೊಂಡರು. ಕೋರ್ಟಿನಲ್ಲಿ ಎರಡು ನಿಮಿಷದ ಕೆಲಸ. ಆ ದಿನ ಅಲ್ಲಿ ಯಾವ ವರದಿಗಾರರೂ ಇರಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ.

ಆದೇಶದ ಪ್ರತಿ ಸಿಕ್ಕಿದ ಮೇಲೆ ನಾನು ಹುಡುಗನ ತಾಯಿಗೆ ಫೋನ್ ಮಾಡಿ, ಕೇಸು ಮುಗಿಯಿತು, ನಿಮ್ಮ ಮಗನ ಮೇಲೆ ಏನೂ ಇಲ್ಲ ಎಂದು ಹೇಳಿದೆ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟೇ: “ಪೇಪರಗೆ ಬಂದದ್ದ್ ಸುಳ್ಳ್ ಅಂತ ಪೇಪರಗೇ ಬರ್ಕಲ್ದಾ ಅಮ್ಮಾ?” ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ನಿಮ್ಮ ವರದಿಗಾರರಲ್ಲಿ ಕೆಲವರನ್ನು ಕೋರ್ಟಿನಲ್ಲಿ ಕಂಡು ಮಾತಾಡಿದ್ದೇನೆ. ಪೊಲೀಸರ ಮರಾಠಿ ಪ್ರಕಟಣೆಯಲ್ಲಿ ‘ಸಂಶಯಿತ ಆರೋಪಿ’ ಎಂದೇ ಇರುತ್ತದೆ, ರಾತ್ರಿ ಪುಟ ಮುಗಿಸುವ ಹೊತ್ತಿನಲ್ಲಿ ಅದನ್ನೇ ಇಳಿಸುತ್ತೇವೆ ಎನ್ನುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ‘ಸಂಶಯಿತ ಆರೋಪಿ’ ಎಂಬುದೇ ಎರಡು ಮೆಟ್ಟಿಲುಗಳನ್ನು ಒಂದಾಗಿ ಹೊಲಿದ ಪದ. ಪೊಲೀಸರ ಪದ ಪೊಲೀಸರದ್ದಾಗಿಯೇ ಇರಲಿ. ಪತ್ರಿಕೆಗೆ ತನ್ನದೇ ಆದ ಪದ ಬೇಡವೇ? ಮಳೆಗಾಲದಲ್ಲಿ ಇದೇ ಪುಟದಲ್ಲಿ ‘ಶಂಕಿತ ಡೆಂಗಿ’ಯ ಸಂಖ್ಯೆಯನ್ನೂ ರಕ್ತಪರೀಕ್ಷೆಯಲ್ಲಿ ಖಚಿತವಾದ ಡೆಂಗಿಯ ಸಂಖ್ಯೆಯನ್ನೂ ನೀವು ಬೇರೆಬೇರೆಯಾಗಿ, ಎಚ್ಚರದಿಂದ ಹಾಕುತ್ತೀರಿ. ಜ್ವರಕ್ಕೆ ತೋರಿಸುವ ಆ ಎಚ್ಚರ ಮನುಷ್ಯನಿಗೂ ಸಲ್ಲಬೇಕು.

ಇದು ನನ್ನೊಬ್ಬಳ ಬೇಡಿಕೆಯಲ್ಲ. ನಟನೊಬ್ಬನ ಸಾವಿನ ವರದಿಗಾರಿಕೆಯ ಕುರಿತ ಅರ್ಜಿಗಳಲ್ಲಿ ಬಾಂಬೆ ಹೈಕೋರ್ಟ್ 2021ರ ಜನವರಿ 18ರಂದು ತೀರ್ಪು ಕೊಟ್ಟಿತು. ತನಿಖೆ ನಡೆಯುತ್ತಿರುವಾಗ ಮಾಧ್ಯಮಗಳೇ ವಿಚಾರಣೆ ನಡೆಸಿದರೆ ನ್ಯಾಯದಾನಕ್ಕೆ ಅಡ್ಡಿಯಾಗುತ್ತದೆ ಎಂದಿತು. ಆರೋಪಿಯ ಗುರುತು ಹತ್ತುವಂತೆ ಫೋಟೊ ಹಾಕುವುದು, ಪ್ರಕರಣದ ಸರಿತಪ್ಪುಗಳ ಬಗ್ಗೆ ತೀರ್ಪು ಕೊಡುವುದು ಮುಂತಾದವನ್ನು ಬಿಡಿ ಎಂದಿತು. ಅದು ದೊಡ್ಡವರ ಪ್ರಕರಣ, ದೊಡ್ಡ ವಕೀಲರಿದ್ದರು. ಹೋಟೆಲಿನ ಹುಡುಗನ ಪರವಾಗಿ ಹೈಕೋರ್ಟಿಗೆ ಹೋಗುವವರು ಯಾರು?

ಸಂಶಯವನ್ನು ಹುಟ್ಟಿಗೇ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ನೆಲದಲ್ಲಿ ಸಾಕ್ಷಿಯಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿಗಳ ಪಟ್ಟಿಗೆ ಹಾಕಿತು. ನಮ್ಮ ಸೊಲ್ಲಾಪುರದಲ್ಲಿ ಅವರನ್ನು ಕೂಡಿಹಾಕಿದ ‘ಸೆಟ್ಲ್‌ಮೆಂಟ್’ ಇತ್ತು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೂ ಇವತ್ತಿಗೂ ಆ ಪಟ್ಟಿಯಲ್ಲಿದ್ದ ಪಾರಧಿ ಸಮುದಾಯದ ಒಬ್ಬ ಹುಡುಗ ಕಟಕಟೆಯಲ್ಲಿ ನಿಂತರೆ ಪ್ರಕರಣ ಕೇಳುವ ಮೊದಲೇ ಕೋರ್ಟಿನ ಹಾಲಿನಲ್ಲಿ ಕೂತವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ. ಕಾಯ್ದೆ ಹೋದರೂ ಹೆಸರು ಹೋಗಲಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಕೃತ್ಯ ಮಾಡಿದ, ಗುರುತು ಸಿಗದ ವ್ಯಕ್ತಿಗೆ ಕಳ್ಳ, ದರೋಡೆಕೋರ, ಹಲ್ಲೆಕೋರ ಎಂದೇ ಬರೆಯಿರಿ. ಅಲ್ಲಿ ಹೆದರಬೇಕಾದ್ದಿಲ್ಲ. ವಿಚಾರಣೆಗೆ ಕರೆಸಿಕೊಂಡವರ ವಿಷಯದಲ್ಲಿ ‘ಒಬ್ಬರನ್ನು ಕರೆಸಿ ಕೇಳಲಾಗಿದೆ’ ಎಂದಷ್ಟೇ ಹಾಕಿ, ಹೆಸರೂ ಊರೂ ಬೇಡ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಆರೋಪಿ ಎನ್ನಿ, ಕೋರ್ಟ್ ತೀರ್ಪು ಕೊಟ್ಟ ಮೇಲೆ ಅಪರಾಧಿ ಎನ್ನಿ. ತಲೆಮರೆಸಿಕೊಂಡವನಿಂದ ಜನರಿಗೆ ಅಪಾಯವಿದ್ದು ಪೊಲೀಸರು ಫೋಟೊ ಹಾಕಿ ಎಂದು ಕೇಳಿಕೊಂಡಾಗ ಹಾಕಲೇಬೇಕು, ಅದನ್ನು ನಾನೂ ಒಪ್ಪುತ್ತೇನೆ. ಬಿಡುಗಡೆಯ ಸುದ್ದಿಯಲ್ಲಿ ‘ಸಂಶಯದ ಲಾಭ ಪಡೆದು ಪಾರಾದ’ ಎಂಬ ಮಾತನ್ನು ದಯವಿಟ್ಟು ನಿಲ್ಲಿಸಿ. ಸಂಶಯದ ಲಾಭ ಕಾನೂನು ಪ್ರತಿಯೊಬ್ಬನಿಗೂ ಕೊಡಬೇಕಾದದ್ದು. ಕೊಟ್ಟದ್ದನ್ನು ಕಿತ್ತುಕೊಂಡು ಓಡಿದಂತೆ ಬರೆಯಬಾರದು.

ಒಮ್ಮೆ ಹೆಸರು ಹಾಕಿದ ಮೇಲೆ ಆ ಪ್ರಕರಣದ ಕೊನೆಯನ್ನೂ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ಹಾಕುವುದು ಪತ್ರಿಕೆಯ ಸಾಲ. ಮೇಲಿನ ಪ್ರಕರಣದ ‘ಸಿ ಸಮರಿ’ ಒಪ್ಪಿಕೊಂಡ ಆದೇಶದ ದೃಢೀಕೃತ ಪ್ರತಿ, ನಿಮ್ಮ ಹಳೆಯ ವರದಿಯ ಪ್ರತಿ ಎರಡನ್ನೂ ಪ್ರತ್ಯೇಕ ಲಕೋಟೆಯಲ್ಲಿ ಕಳಿಸಿದ್ದೇನೆ. ಈ ಪತ್ರದಲ್ಲಿ ಹುಡುಗನ ಹೆಸರಿಲ್ಲ, ನನ್ನ ಹೆಸರು ಹಾಕಿದರೂ ಅವನ ಗುರುತು ಹತ್ತುವುದರಿಂದ ಅದನ್ನೂ ಪ್ರಕಟಿಸಬೇಡಿ. ಆದರೆ ಪ್ರಕರಣ ಮುಗಿದ ಬಗ್ಗೆ ನೀವು ಬೇರೆಯಾಗಿ ಹಾಕುವ ಸುದ್ದಿಯಲ್ಲಿ ಅವನ ಹೆಸರು, ಊರು ಎರಡೂ ಇರಲಿ ಎಂಬುದು ಆ ತಾಯಿಯ ಮತ್ತು ಹುಡುಗನ ಇಚ್ಛೆ. ಅವರಿಬ್ಬರೂ ಬರೆದುಕೊಟ್ಟ ಒಪ್ಪಿಗೆಯ ಕಾಗದ ಅದೇ ಲಕೋಟೆಯಲ್ಲಿದೆ. ಊರಿನ ವಾರ್ಷಿಕ ಹಬ್ಬ ಹತ್ತಿರ ಬರುತ್ತಿದೆ, ಹುಡುಗ ರಜೆ ಕೇಳಿದ್ದಾನೆ. ಅದರೊಳಗೆ ಬಂದರೆ ಉಪಕಾರವಾಗುತ್ತದೆ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ವಕೀಲೆ, ಡೊಂಬಿವಲಿ ಪೂರ್ವ